ಚಿತ್ರ ನಿಮ್ಮದು, ಅಂಗಡಿ ಇನ್ಯಾರದೋ: ಆನ್‌ಲೈನ್ ಕಲಾ ಕಳವು ನಡೆಯುವುದು ಹೇಗೆ?

ಹುಬ್ಬು ಗಂಟಿಕ್ಕಿದ, ಕೇಸರಿ ಮತ್ತು ಕಪ್ಪು ಬಣ್ಣದ ಹನುಮಂತನ ಮುಖವನ್ನು ನೀವು ನೋಡಿಯೇ ಇರುತ್ತೀರಿ. ಕಾರಿನ ಹಿಂದಿನ ಗಾಜು, ಬೈಕಿನ ಟ್ಯಾಂಕು, ಆಟೊ, ಟಿ-ಶರ್ಟು, ಎಲ್ಲ ಕಡೆ ಅದೇ ಮುಖ. ಬರೆದವರು ಯಾರು ಅಂತ ಕೇಳಿದರೆ ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ.

ಕಾಸರಗೋಡು ಜಿಲ್ಲೆಯ ಕುಂಬಳೆಯ ಕರಣ್ ಆಚಾರ್ಯ ಅದನ್ನು 2015ರಲ್ಲಿ ಬರೆದರು. ಊರಿನ ಹುಡುಗರ ಬಳಗಕ್ಕೆ ಬಾವುಟಕ್ಕೊಂದು ಚಿತ್ರ ಬೇಕಿತ್ತು, ಅದಕ್ಕಾಗಿ ಬರೆದದ್ದು. ಅದು ಮೊಬೈಲಿನಿಂದ ಮೊಬೈಲಿಗೆ ಹೋಯಿತು, ಸ್ಟಿಕರ್ ಅಂಗಡಿಗಳನ್ನು ಸೇರಿತು, ದೇಶವಿಡೀ ಹರಡಿತು. 2018ರ ಮೇ ತಿಂಗಳಲ್ಲಿ ಮಂಗಳೂರಿನ ಚುನಾವಣಾ ಸಭೆಯಲ್ಲಿ ಪ್ರಧಾನಿಯೇ ಆ ಚಿತ್ರವನ್ನು ಹೊಗಳಿದರು. ಅಷ್ಟರಲ್ಲಿ ಎಷ್ಟೋ ಊರುಗಳಲ್ಲಿ ಅದರ ಸ್ಟಿಕರ್ ಮಾರಾಟವಾಗಿ ಹೋಗಿತ್ತು, ಬರೆದವರನ್ನು ಕೇಳದೆಯೇ.

ಇವತ್ತು ಇನ್‌ಸ್ಟಾಗ್ರಾಂಗೆ ಚಿತ್ರ ಹಾಕುವ ಪ್ರತಿಯೊಬ್ಬ ಕಲಾವಿದರಿಗೂ ಈ ಭಯ ಇದೆ. ಜನ ನೋಡದಿದ್ದರೆ ಕೆಲಸ ಸಿಗುವುದಿಲ್ಲ, ನೋಡಲು ಹಾಕಿದರೆ ಕದಿಯುತ್ತಾರೆ. 2022ರಿಂದ ಈಚೆಗೆ ಎಐ ಕೂಡ ಸೇರಿಕೊಂಡು ಭಯ ಇನ್ನೂ ಹೆಚ್ಚಾಗಿದೆ. ಇದರಲ್ಲಿ ಕಾನೂನು ಯಾವ ಕಡೆ ಇದೆ, ಕಳವು ಹೇಗೆ ನಡೆಯುತ್ತದೆ, ಆದಾಗ ಏನು ಮಾಡಬಹುದು ಅಂತ ಒಂದೊಂದಾಗಿ ನೋಡೋಣ.

ಕಳವು ಬೇರೆ, ನಕಲಿ ಬೇರೆ

ಮಾತಿನಲ್ಲಿ ನಾವು ಎಲ್ಲವನ್ನೂ "ಕಾಪಿ ಹೊಡೆದರು" ಎಂದುಬಿಡುತ್ತೇವೆ. ಆದರೆ ಇದರೊಳಗೆ ಬೇರೆ ಬೇರೆ ಸಂಗತಿಗಳಿವೆ. ಒಂದೊಂದಕ್ಕೂ ದಾರಿ ಬೇರೆ, ಆದ್ದರಿಂದ ಮೊದಲು ಇದನ್ನು ಬಿಡಿಸಿಕೊಳ್ಳಬೇಕು.

ನೀವು ಬರೆದ ಚಿತ್ರವನ್ನು ಇನ್ನೊಬ್ಬರು ತೆಗೆದು ತಮ್ಮದೆಂದು ಹಾಕಿಕೊಂಡರೆ, ಅಥವಾ ಮಗ್‌ನ ಮೇಲೆ ಮುದ್ರಿಸಿ ಮಾರಿದರೆ, ಅದು ಕಳವು. ಕಾನೂನಿನ ಮಾತಲ್ಲಿ ಕಾಪಿರೈಟ್ ಉಲ್ಲಂಘನೆ. ಇಲ್ಲಿ ಚಿತ್ರ ಅಸಲಿ, ಅದರ ಮೇಲಿನ ಹೆಸರು ಸುಳ್ಳು, ಇಲ್ಲವೇ ಹೆಸರೇ ಇಲ್ಲ.

ನೀವು ಬರೆಯದ ಚಿತ್ರಕ್ಕೆ ನಿಮ್ಮ ಸಹಿ ಹಾಕಿ ನಿಮ್ಮದೆಂದು ಮಾರಿದರೆ ಅದು ನಕಲಿ, ಅಂದರೆ ಫೋರ್ಜರಿ. ಇಲ್ಲಿ ಹೆಸರು ಅಸಲಿ, ಚಿತ್ರ ಸುಳ್ಳು. ಹೆಸರಾದ ಕಲಾವಿದರಿಗೆ ಇದರ ಕಾಟ ಜಾಸ್ತಿ. ಮೋಸ ಹೋಗುವವರು ಮುಖ್ಯವಾಗಿ ಕೊಳ್ಳುವವರು.

ರಾಜಾ ರವಿವರ್ಮ ಅವರನ್ನೇ ನೋಡಿ. ಅವರು ತೀರಿಕೊಂಡದ್ದು 1906ರಲ್ಲಿ. ಅವರ ಚಿತ್ರಗಳ ಕಾಪಿರೈಟ್ ಮುಗಿದು ಬಹಳ ಕಾಲವಾಯಿತು. ಅವರ ಲಕ್ಷ್ಮಿಯನ್ನೋ ಸರಸ್ವತಿಯನ್ನೋ ಯಾರು ಬೇಕಾದರೂ ಕ್ಯಾಲೆಂಡರಿಗೆ ಮುದ್ರಿಸಬಹುದು, ತಪ್ಪಿಲ್ಲ. ಆದರೆ ಹೊಸದಾಗಿ ಬರೆಸಿದ ಕ್ಯಾನ್ವಾಸನ್ನು "ರವಿವರ್ಮರ ಕೈಯ ಮೂಲ ಚಿತ್ರ" ಎಂದು ಮಾರಿದರೆ ಅದು ವಂಚನೆ. ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಅದಕ್ಕೆ ಅನ್ವಯಿಸುತ್ತದೆ.

ಇನ್ನೊಂದು, ಶೈಲಿಯ ಅನುಕರಣೆ. ಚಿತ್ರ ನಿಮ್ಮದಲ್ಲ, ಸಹಿಯೂ ನಿಮ್ಮದಲ್ಲ, ಆದರೆ ನೋಡಿದವರಿಗೆ ಥೇಟ್ ನೀವೇ ಬರೆದಂತೆ ಕಾಣುತ್ತದೆ. ಎಐ ಜಗಳವೆಲ್ಲ ಇರುವುದು ಇಲ್ಲೇ.

ಹಕ್ಕು ಯಾವಾಗ ಹುಟ್ಟುತ್ತದೆ?

ಚಿತ್ರ ಬರೆದ ಕೂಡಲೇ. ನೋಂದಣಿ ಬೇಕಿಲ್ಲ, ವಕೀಲರು ಬೇಕಿಲ್ಲ, ಮೂಲೆಯಲ್ಲಿ ಸಿ ಅಕ್ಷರದ ಗುರುತೂ ಬೇಕಿಲ್ಲ. ಭಾರತದ ಕಾಪಿರೈಟ್ ಕಾಯ್ದೆ 1957ರದ್ದು. ಸ್ವಂತವಾಗಿ ರಚಿಸಿದ ಕಲಾಕೃತಿಗೆ ತಾನಾಗಿಯೇ ರಕ್ಷಣೆ ಸಿಗುತ್ತದೆ. ಚಿತ್ರದಲ್ಲಿ ಕಲಾತ್ಮಕ ಗುಣ ಎಷ್ಟಿದೆ ಎಂದು ಕಾನೂನು ಅಳೆಯುವುದಿಲ್ಲ. ಪಿಯುಸಿ ಹುಡುಗಿ ಟ್ಯಾಬ್ ಮೇಲೆ ಬರೆದ ಚಿತ್ರಕ್ಕೂ ಹೆಸರಾಂತ ಕಲಾವಿದರ ಚಿತ್ರಕ್ಕೂ ಅದೇ ಹಕ್ಕು.

ಈ ಹಕ್ಕು ಕಲಾವಿದರ ಜೀವಮಾನವಿಡೀ ಇರುತ್ತದೆ. ಅವರು ತೀರಿಕೊಂಡ ನಂತರದ ವರ್ಷದಿಂದ ಲೆಕ್ಕ ಹಾಕಿ ಇನ್ನೂ 60 ವರ್ಷ ಇರುತ್ತದೆ. ಮೈಸೂರು ಸಂಸ್ಥಾನದ ಕಲಾವಿದ ಕೆ. ವೆಂಕಟಪ್ಪ ತೀರಿಕೊಂಡದ್ದು 1965ರಲ್ಲಿ. ಅಂದರೆ ಅವರ ಚಿತ್ರಗಳ ಕಾಪಿರೈಟಿಗೆ 2025ರ ಡಿಸೆಂಬರ್ 31 ಕೊನೆಯ ದಿನ.

ಹಕ್ಕು ಇರುವುದು ಚಿತ್ರಕ್ಕೆ, ಅದರ ಹಿಂದಿನ ಯೋಚನೆಗೆ ಅಲ್ಲ. ಸಿಟ್ಟಿನ ಹನುಮಂತನನ್ನು ಯಾರು ಬೇಕಾದರೂ ಬರೆಯಬಹುದು. ಆದರೆ ಕರಣ್ ಆಚಾರ್ಯ ಎಳೆದ ಆ ಗೆರೆ, ಆ ನೆರಳು, ಆ ಕಣ್ಣನ್ನು ಹಾಗೆಯೇ ಎತ್ತಿಕೊಳ್ಳುವಂತಿಲ್ಲ. "ಶೇಕಡ 30ರಷ್ಟು ಬದಲಾಯಿಸಿದರೆ ಸಾಕು" ಎಂಬ ಮಾತು ಓಡಾಡುತ್ತಿದೆ. ಹಾಗೆ ಯಾವ ಲೆಕ್ಕವೂ ಕಾಯ್ದೆಯಲ್ಲಿ ಇಲ್ಲ. "ಕೃಪೆ: ಗೂಗಲ್" ಎಂದು ಬರೆದರೂ ಅನುಮತಿ ಸಿಕ್ಕಂತಾಗುವುದಿಲ್ಲ. ಗೂಗಲ್ ಚಿತ್ರ ತೋರಿಸುತ್ತದೆ ಅಷ್ಟೇ, ಅದರ ಒಡೆಯನಲ್ಲ.

ದುಡ್ಡು ಕೊಟ್ಟು ಮೂಲ ಚಿತ್ರವನ್ನೇ ಕೊಂಡರೂ ಅದನ್ನು ಮುದ್ರಿಸಿ ಮಾರುವ ಹಕ್ಕು ಬರುವುದಿಲ್ಲ. ಕಾದಂಬರಿ ಕೊಂಡವರು ಅದನ್ನು ಅಚ್ಚು ಹಾಕಿಸಿ ಮಾರಬಹುದೇ? ಹಾಗೆಯೇ ಇದು. ಗೋಡೆಗೆ ಹಾಕಿಕೊಳ್ಳಿ, ಮರುಮಾರಾಟ ಮಾಡಿ, ಆದರೆ ಪ್ರತಿ ಮಾಡುವ ಹಕ್ಕು ಕಲಾವಿದರ ಬಳಿಯೇ ಉಳಿಯುತ್ತದೆ.

ಇಲ್ಲೊಂದು ದೊಡ್ಡ ವಿನಾಯಿತಿ ಇದೆ. ನಮ್ಮ ಎಷ್ಟೋ ಕಲಾವಿದರಿಗೆ ಇದು ತಿಳಿದಿಲ್ಲ ಎಂಬುದೇ ಬೇಸರ. ಯಾರೋ ದುಡ್ಡು ಕೊಟ್ಟು "ಹೀಗೊಂದು ಚಿತ್ರ ಬರೆದುಕೊಡಿ" ಎಂದು ಹೇಳಿ ಬರೆಸಿದ ಪೇಂಟಿಂಗ್ ಅಥವಾ ಭಾವಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಕಾಪಿರೈಟ್ ಬರೆಸಿದವರಿಗೇ ಹೋಗುತ್ತದೆ. ಕಾಯ್ದೆಯ 17ನೇ ಕಲಂ ಹೇಳುವುದು ಇದನ್ನೇ. ಸಂಬಳಕ್ಕೆ ಕೆಲಸ ಮಾಡುವಾಗ ಬರೆದದ್ದು ಕಂಪನಿಯದ್ದು. ಆದ್ದರಿಂದ ಸಣ್ಣ ಕೆಲಸವಾದರೂ ಸರಿ, "ಈ ಚಿತ್ರವನ್ನು ಮದುವೆ ಪತ್ರಿಕೆಗೆ ಮಾತ್ರ ಬಳಸಬಹುದು, ಕಾಪಿರೈಟ್ ನನ್ನದೇ" ಎಂದು ಮೊದಲೇ ಬರೆದು ಇಬ್ಬರೂ ಸಹಿ ಹಾಕಬೇಕು. ಹಕ್ಕನ್ನು ಮಾರುವುದಿದ್ದರೂ ಬರಹದಲ್ಲೇ ಆಗಬೇಕು. ಎಷ್ಟು ಕಾಲಕ್ಕೆ ಎಂದು ಅದರಲ್ಲಿ ಹೇಳದಿದ್ದರೆ 5 ವರ್ಷ ಎಂದು ಕಾನೂನು ಲೆಕ್ಕ ಹಾಕುತ್ತದೆ.

ಕಾಪಿರೈಟ್ ಮಾರಿದ ಮೇಲೂ ಕಲಾವಿದರ ಬಳಿ ಉಳಿಯುವ ಹಕ್ಕೊಂದಿದೆ. "ಇದನ್ನು ಬರೆದವಳು ನಾನು" ಎಂದು ಹೇಳಿಕೊಳ್ಳುವ ಹಕ್ಕು, ಮತ್ತು ಗೌರವಕ್ಕೆ ಕುಂದು ತರುವಂತೆ ಕೃತಿಯನ್ನು ಕೆಡಿಸಿದರೆ ತಡೆಯುವ ಹಕ್ಕು. ಇದು 57ನೇ ಕಲಂ. ಶಿಲ್ಪಿ ಅಮರನಾಥ ಸೆಹಗಲ್ ದೆಹಲಿಯ ವಿಜ್ಞಾನ ಭವನಕ್ಕೆ ದೊಡ್ಡದೊಂದು ಕಂಚಿನ ಭಿತ್ತಿಶಿಲ್ಪ ಮಾಡಿಕೊಟ್ಟಿದ್ದರು. 1979ರಲ್ಲಿ ಅದನ್ನು ಗೋಡೆಯಿಂದ ಕಿತ್ತು ಗೋದಾಮಿಗೆ ಹಾಕಲಾಯಿತು. ಶಿಲ್ಪ ಸರ್ಕಾರದ ಸ್ವತ್ತು, ದುಡ್ಡೂ ಕೊಟ್ಟಾಗಿತ್ತು. ಆದರೂ 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ಭಾಗಗಳನ್ನು ಶಿಲ್ಪಿಗೆ ಮರಳಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದಿತು. ಕಲಾವಿದರಿಗೂ ಕೃತಿಗೂ ಇರುವ ನಂಟು ಹಣ ಕೈಬದಲಾದರೆ ಕಡಿಯುವುದಿಲ್ಲ ಎಂದು ನಮ್ಮ ನ್ಯಾಯಾಲಯ ಒಪ್ಪಿದ ದೊಡ್ಡ ತೀರ್ಪು ಅದು.

ಕಳವು ನಡೆಯುವ ಬಗೆ

ಮೊದಲೆಲ್ಲ ಚಿತ್ರ ಕದ್ದು ಮಾರಬೇಕೆಂದರೆ ಬಂಡವಾಳ ಬೇಕಿತ್ತು. ಸಾವಿರ ಪೋಸ್ಟರ್ ಮುದ್ರಿಸಬೇಕು, ಇಡಲು ಜಾಗ ಬೇಕು, ಮಾರಾಟವಾಗದಿದ್ದರೆ ನಷ್ಟ. ಈಗ ಅದು ಯಾವುದೂ ಬೇಡ. "ಪ್ರಿಂಟ್ ಆನ್ ಡಿಮ್ಯಾಂಡ್" ಎಂಬ ವ್ಯವಸ್ಥೆಯಲ್ಲಿ ಚಿತ್ರವನ್ನು ಸೈಟಿಗೆ ಏರಿಸಿದರೆ ಸಾಕು. ಗಿರಾಕಿ ದುಡ್ಡು ಕಟ್ಟಿದ ಮೇಲೆಯೇ ಟಿ-ಶರ್ಟ್ ಮುದ್ರಣ ಆಗುತ್ತದೆ. ಮುದ್ರಿಸುವವರು ಒಬ್ಬರು, ಕಳಿಸುವವರು ಇನ್ನೊಬ್ಬರು. ಚಿತ್ರ ಏರಿಸಿದವರಿಗೆ ಕುಳಿತಲ್ಲೇ ಪಾಲು. ಪ್ರಾಮಾಣಿಕ ಕಲಾವಿದರಿಗೆ ಇದು ಒಳ್ಳೆಯ ಅವಕಾಶ. ಕಳ್ಳರಿಗೂ ಅಷ್ಟೇ ಒಳ್ಳೆಯ ಅವಕಾಶ.

ಇದನ್ನು ಮನುಷ್ಯರೇ ಮಾಡಬೇಕೆಂದೂ ಇಲ್ಲ. 2019ರ ಡಿಸೆಂಬರಿನಲ್ಲಿ ಟ್ವಿಟರ್‌ನಲ್ಲಿ ಕಲಾವಿದರು ಒಂದು ಸಂಗತಿ ಪತ್ತೆ ಹಚ್ಚಿದರು. ಯಾವುದಾದರೂ ಚಿತ್ರದ ಕೆಳಗೆ "ಇದು ಟಿ-ಶರ್ಟಿನ ಮೇಲೆ ಬೇಕು" ಎಂದು ಯಾರಾದರೂ ಬರೆದರೆ, ಸ್ವಲ್ಪ ಹೊತ್ತಿನಲ್ಲೇ ಆ ಚಿತ್ರದ ಟಿ-ಶರ್ಟ್ ಯಾವುದೋ ಅಂಗಡಿಯಲ್ಲಿ ಮಾರಾಟಕ್ಕೆ ಬರುತ್ತಿತ್ತು. ಬಾಟ್‌ಗಳು, ಅಂದರೆ ತಾವಾಗಿಯೇ ಓಡುವ ಪ್ರೋಗ್ರಾಂಗಳು, ಆ ಸಾಲನ್ನು ಹುಡುಕಿ ಚಿತ್ರ ಎತ್ತಿಕೊಳ್ಳುತ್ತಿದ್ದವು. ಇದನ್ನು ಸಾಬೀತು ಮಾಡಲು ಒಬ್ಬ ಕಲಾವಿದರು "ಈ ಸೈಟ್ ಕದ್ದ ಚಿತ್ರ ಮಾರುತ್ತದೆ, ಕೊಳ್ಳಬೇಡಿ" ಎಂದೇ ಬರೆದ ಚಿತ್ರ ಹಾಕಿ, ಅದರ ಕೆಳಗೆ "ಇದು ಟಿ-ಶರ್ಟಿನ ಮೇಲೆ ಬೇಕು" ಎಂದು ಬರೆಯಲು ಜನರನ್ನು ಕೇಳಿಕೊಂಡರು. ಆ ಚಿತ್ರದ ಟಿ-ಶರ್ಟೂ ಮಾರಾಟಕ್ಕೆ ಬಂತು! ಆಮೇಲೆ ಹಲವರು ಬೇಕೆಂದೇ ಮಿಕ್ಕಿ ಮೌಸ್ ಬರೆದು ಹಾಕತೊಡಗಿದರು. ಸಾಮಾನ್ಯ ಕಲಾವಿದರ ಮಾತು ಕೇಳದ ಅಂಗಡಿಯವರು ಡಿಸ್ನಿ ವಕೀಲರ ಮಾತನ್ನಾದರೂ ಕೇಳಲಿ ಎಂದು.

ದೊಡ್ಡ ಕಂಪನಿಗಳ ಮೇಲೂ ಆರೋಪಗಳಿವೆ. 2023ರ ಜುಲೈನಲ್ಲಿ ಅಮೆರಿಕದ ಮೂವರು ವಿನ್ಯಾಸಕರು ತಮ್ಮ ವಿನ್ಯಾಸಗಳನ್ನು ಹಾಗೆಯೇ ನಕಲು ಮಾಡಿ ಮಾರಿದ್ದಾರೆ ಎಂದು ಶೀಇನ್ ಬಟ್ಟೆ ಕಂಪನಿಯ ವಿರುದ್ಧ ಕ್ಯಾಲಿಫೋರ್ನಿಯಾದ ನ್ಯಾಯಾಲಯಕ್ಕೆ ಹೋದರು. ಎನ್‌ಎಫ್‌ಟಿ ಹುಚ್ಚಿನ ಕಾಲದಲ್ಲೂ ಇದೇ ಆಯಿತು. ಎನ್‌ಎಫ್‌ಟಿ ಅಂದರೆ "ಈ ಡಿಜಿಟಲ್ ವಸ್ತು ಇವರದ್ದು" ಎಂದು ಹೇಳುವ ಒಂದು ದಾಖಲೆ. ದಾಖಲೆ ಮಾಡಿಸಿದವರೇ ಚಿತ್ರ ಬರೆದವರೋ ಅಲ್ಲವೋ ಎಂದು ಯಾರೂ ನೋಡುತ್ತಿರಲಿಲ್ಲ. ತಮ್ಮ ಉಚಿತ ಸಾಧನ ಬಳಸಿ ಮಾಡಿದವುಗಳಲ್ಲಿ ಶೇಕಡ 80ಕ್ಕೂ ಹೆಚ್ಚು ಕದ್ದ ಕೃತಿ, ನಕಲಿ ಸಂಗ್ರಹ ಅಥವಾ ಕಸ ಎಂದು ಓಪನ್‌ಸೀ ಮಾರುಕಟ್ಟೆಯೇ 2022ರ ಜನವರಿಯಲ್ಲಿ ಹೇಳಿತು.

ನಕಲಿ ಸಹಿಯ ವ್ಯಾಪಾರ

2009ರ ಜನವರಿಯಲ್ಲಿ ಹೆಸರಾಂತ ಚಿತ್ರ ಕಲಾವಿದ ಎಸ್.ಎಚ್. ರಜಾ ದೆಹಲಿಯ ಗ್ಯಾಲರಿಯೊಂದಕ್ಕೆ ಬಂದರು. ಅವರದೇ ಹಳೆಯ ಚಿತ್ರಗಳ ಪ್ರದರ್ಶನ, ಅವರೇ ಉದ್ಘಾಟಕರು. ಆಗ ಅವರಿಗೆ 86 ವರ್ಷ. ಗೋಡೆ ನೋಡುತ್ತಾ ಹೋದಂತೆ ಅಲ್ಲಿದ್ದ ಚಿತ್ರಗಳಲ್ಲಿ ಹೆಚ್ಚಿನವು ತಾವು ಬರೆದದ್ದೇ ಅಲ್ಲ ಎಂದು ಅವರಿಗೆ ತಿಳಿಯಿತು. ಪ್ರದರ್ಶನ ನಿಂತಿತು. ಬದುಕಿದ್ದ ಕಲಾವಿದರೇ ಎದುರು ನಿಂತು ಹೇಳಿದ್ದಕ್ಕೆ ಅವತ್ತು ಗೊತ್ತಾಯಿತು. ತೀರಿಕೊಂಡವರ ಪರವಾಗಿ ಹಾಗೆ ಹೇಳುವವರು ಯಾರು? 2011ರಲ್ಲಿ ಕೋಲ್ಕತ್ತದ ಸರ್ಕಾರಿ ಕಲಾ ಕಾಲೇಜಿನಲ್ಲಿ ರವೀಂದ್ರನಾಥ ಟ್ಯಾಗೋರರದ್ದೆಂದು ತೋರಿಸಿದ 20 ಚಿತ್ರಗಳು ನಕಲಿ ಎಂದು ಪುರಾತತ್ವ ಇಲಾಖೆಯ ಪರಿಣತರು ವರದಿ ಕೊಟ್ಟರು.

ನಕಲಿ ಪತ್ತೆಯಾಗುವುದು ಹೇಗೆ? ಒಂದು ದಾರಿ ಬಣ್ಣದ ಪರೀಕ್ಷೆ. ಜರ್ಮನಿಯ ವೋಲ್ಫ್‌ಗಾಂಗ್ ಬೆಲ್ಟ್ರಾಕಿ ಎಂಬಾತ ವರ್ಷಗಟ್ಟಲೆ ಹಳೆಯ ಕಲಾವಿದರ ಹೆಸರಲ್ಲಿ ಚಿತ್ರ ಬರೆದು ಮಾರಿದ. 1914ರದ್ದೆಂದು ಹೇಳಿದ ಒಂದು ಚಿತ್ರದಲ್ಲಿ ಟೈಟಾನಿಯಂ ಬಿಳಿ ಬಣ್ಣ ಸಿಕ್ಕಿತು. ಆ ಬಣ್ಣ ಕಲಾವಿದರ ಕೈಗೆ ಬಂದದ್ದೇ 1914ರ ನಂತರ! 2011ರಲ್ಲಿ ಅವನಿಗೆ 6 ವರ್ಷ ಜೈಲಾಯಿತು.

ಇನ್ನೊಂದು ದಾರಿ, ಚಿತ್ರ ಕೈಬದಲಾದ ದಾಖಲೆ. ಕಲಾವಿದರಿಂದ ಯಾರು ಕೊಂಡರು, ಅವರಿಂದ ಯಾರಿಗೆ ಹೋಯಿತು, ಯಾವ ಪ್ರದರ್ಶನದಲ್ಲಿತ್ತು, ಯಾವ ಕ್ಯಾಟಲಾಗಿನಲ್ಲಿ ಅಚ್ಚಾಯಿತು ಎಂಬ ಸರಪಳಿ ಅದು. ಆನ್‌ಲೈನ್ ಮಾರಾಟದಲ್ಲಿ ಈ ಎರಡೂ ದಾರಿ ಮಂಕಾಗುತ್ತವೆ. ಕಣ್ಣೆದುರು ಇರುವುದು ಬರೀ ಫೋಟೊ. ಫೋಟೊದಲ್ಲಿ ಬಣ್ಣ ಪರೀಕ್ಷೆ ಮಾಡಲಾಗದು, ಕ್ಯಾನ್ವಾಸಿನ ಬೆನ್ನು ಕಾಣದು, ಪ್ರಮಾಣಪತ್ರವನ್ನು ಕಂಪ್ಯೂಟರಿನಲ್ಲೇ ತಯಾರಿಸಬಹುದು. ಅಸಲಿ ಚಿತ್ರದ ಫೋಟೊ ತೋರಿಸಿ ನಕಲಿಯನ್ನು ಕೊರಿಯರ್ ಮಾಡುವುದೂ ಸಾಧ್ಯ.

ಎಐ ತಂದ ಹೊಸ ತಲೆನೋವು

2025ರ ಮಾರ್ಚಿನಲ್ಲಿ ಎಲ್ಲರ ಕುಟುಂಬದ ಫೋಟೊಗಳೂ ಇದ್ದಕ್ಕಿದ್ದಂತೆ ಜಪಾನಿನ ಘಿಬ್ಲಿ ಸ್ಟುಡಿಯೊ ಶೈಲಿಗೆ ತಿರುಗಿದ್ದು ನೆನಪಿದೆ ಅಲ್ವಾ? ಅದರ ಹಿಂದಿನ ಕೆಲಸ ಹೀಗಿದೆ. ಚಿತ್ರ ಮಾಡುವ ಎಐಗೆ ಮೊದಲು ಅಪಾರ ಸಂಖ್ಯೆಯ ಚಿತ್ರಗಳನ್ನು, ಅವುಗಳ ವಿವರಣೆಯ ಜೊತೆ ತೋರಿಸುತ್ತಾರೆ. 2022ರಲ್ಲಿ ಹೊರಬಂದ ಲಾಯನ್-5ಬಿ ಎಂಬ ಪಟ್ಟಿಯಲ್ಲಿ ಸುಮಾರು 585 ಕೋಟಿ ಚಿತ್ರಗಳ ಕೊಂಡಿ ಮತ್ತು ವಿವರಣೆಗಳಿದ್ದವು, ಎಲ್ಲವೂ ಇಂಟರ್‌ನೆಟ್‌ನಿಂದ ಬಾಚಿದ್ದು. ಅದೇ ವರ್ಷದ ಆಗಸ್ಟಿನಲ್ಲಿ ಬಿಡುಗಡೆಯಾದ ಸ್ಟೇಬಲ್ ಡಿಫ್ಯೂಷನ್ ಎಂಬ ಎಐ ಕಲಿತದ್ದು ಈ ಸಂಗ್ರಹದ ಭಾಗಗಳಿಂದ. ಎಐ ಸಾಮಾನ್ಯವಾಗಿ ಆ ಚಿತ್ರಗಳನ್ನು ಹಾಗೆಯೇ ಒಳಗೆ ಇಟ್ಟುಕೊಳ್ಳುವುದಿಲ್ಲ. ಯಾವ ಪದದ ಜೊತೆ ಎಂಥ ಗೆರೆ, ಎಂಥ ಬಣ್ಣ ಬರುತ್ತದೆ ಎಂಬುದನ್ನು ಸಂಖ್ಯೆಗಳಾಗಿ ಕಲಿಯುತ್ತದೆ. ಹಾಗಾಗಿ ಕಲಾವಿದರ ಹೆಸರು ಬರೆದರೆ ಅವರ ಶೈಲಿಯೇ ಬರುತ್ತದೆ. ಪೋಲೆಂಡಿನ ಗ್ರೆಗ್ ರುಟ್ಕೋವ್‌ಸ್ಕಿ ಹೆಸರನ್ನು ಜನ ಎಷ್ಟು ಬಳಸಿದರೆಂದರೆ, ಅವರು ಬರೆಯದ ಚಿತ್ರಗಳೇ ಅವರ ಹೆಸರಿನೊಂದಿಗೆ ಇಂಟರ್‌ನೆಟ್ ತುಂಬಿದವು.

ಕಲಾವಿದರ ಪ್ರಶ್ನೆ ಎರಡು. ಕಲಿಸಲು ನಮ್ಮ ಚಿತ್ರ ಬಳಸುವ ಮುಂಚೆ ನಮ್ಮನ್ನು ಕೇಳಬೇಡವೇ? ನಮ್ಮ ಶೈಲಿಯಲ್ಲಿ ಬಂದ ಚಿತ್ರಕ್ಕೆ ನಮಗೇನು ಸಿಗುತ್ತದೆ? ಎರಡನೆಯದಕ್ಕೆ ಈಗಿನ ಕಾಪಿರೈಟ್ ಕಾನೂನಿನಲ್ಲಿ ಉತ್ತರ ಕಹಿ. ಶೈಲಿಗೆ ಕಾಪಿರೈಟ್ ಇಲ್ಲ. ಇದ್ದಿದ್ದರೆ ಗುರುವಿನಿಂದ ಶಿಷ್ಯ ಕಲಿಯುವುದೂ ತಪ್ಪಾಗುತ್ತಿತ್ತು. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್, ಇದೆ. ಆದರೆ ಅದು ಕಾಯುವುದು ಆ ಹೆಸರನ್ನು, ಒಬ್ಬ ಕಲಾವಿದರ ಕೈಗುಣವನ್ನಲ್ಲ. ಮೊದಲನೆಯ ಪ್ರಶ್ನೆ ನ್ಯಾಯಾಲಯಗಳ ಮುಂದಿದೆ. ಅಮೆರಿಕದಲ್ಲಿ ಮೂವರು ಕಲಾವಿದರು ಸ್ಟೆಬಿಲಿಟಿ ಎಐ, ಮಿಡ್‌ಜರ್ನಿ, ಡೀವಿಯಂಟ್‌ಆರ್ಟ್ ಕಂಪನಿಗಳ ವಿರುದ್ಧ 2023ರ ಜನವರಿಯಲ್ಲಿ ಮೊಕದ್ದಮೆ ಹೂಡಿದರು. ಕೇಳದೆ ಕಲಿಸಿದ್ದು ಅನ್ಯಾಯ ಎಂದೇ ನನಗನಿಸುತ್ತದೆ. ಆದರೆ ಅನ್ಯಾಯ ಎನಿಸಿದ್ದೆಲ್ಲ ಕಾನೂನಿನಲ್ಲಿ ಅಪರಾಧವಾಗಿರುವುದಿಲ್ಲ.

ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಗ್ಲೇಜ್ ಎಂಬ ಉಚಿತ ಸಾಫ್ಟ್‌ವೇರ್ ಬಿಟ್ಟರು. ಅದು ಚಿತ್ರದಲ್ಲಿ ನಮ್ಮ ಕಣ್ಣಿಗೆ ಅಷ್ಟಾಗಿ ಕಾಣದ ಸಣ್ಣ ಬದಲಾವಣೆ ಮಾಡಿ, ಎಐ ಶೈಲಿಯನ್ನು ತಪ್ಪಾಗಿ ಕಲಿಯುವಂತೆ ಮಾಡುತ್ತದೆ. ಇದು ಶಾಶ್ವತ ಪರಿಹಾರವಲ್ಲ ಎಂದು ಅದನ್ನು ಮಾಡಿದವರೇ ಹೇಳುತ್ತಾರೆ.

ಕಳವಾಗುವ ಮುಂಚೆ

ಕಾನೂನು ಹಕ್ಕು ಕೊಟ್ಟಿದೆ, ಸಾಬೀತು ಮಾಡುವ ಹೊರೆ ಮಾತ್ರ ಕಲಾವಿದರ ಮೇಲೇ ಇದೆ. ಆದ್ದರಿಂದ ಮುಖ್ಯವಾದದ್ದು ಪುರಾವೆ. ಪೆನ್ಸಿಲ್ ಸ್ಕೆಚ್, ಅರ್ಧ ಮುಗಿದಾಗಿನ ಫೋಟೊ, ಲೇಯರ್‌ಗಳಿರುವ ಮೂಲ ಫೈಲ್, ಬರೆಯುವಾಗಿನ ವಿಡಿಯೊ, ಇವನ್ನೆಲ್ಲ ಅಳಿಸದೆ ಇಟ್ಟುಕೊಳ್ಳಿ. ಮುಗಿದ ಚಿತ್ರ ಕಳ್ಳರ ಬಳಿಯೂ ಇರುತ್ತದೆ. ಅದು ಹುಟ್ಟಿ ಬೆಳೆದ ಹಾದಿ ಇರುವುದು ನಿಮ್ಮ ಬಳಿ ಮಾತ್ರ.

ಪೂರ್ತಿ ಗಾತ್ರದ ಫೈಲ್ ಎಲ್ಲೂ ಹಾಕಬೇಡಿ. 1080 ಪಿಕ್ಸೆಲ್ ಅಗಲದ ಚಿತ್ರ ಒಳ್ಳೆಯ ಗುಣಮಟ್ಟದ ಮುದ್ರಣದಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ, ಮೂರೂವರೆ ಇಂಚಿನಷ್ಟೇ ಬರುತ್ತದೆ. ಈಗ ಸಣ್ಣ ಚಿತ್ರವನ್ನು ಹಿಗ್ಗಿಸುವ ಎಐ ಸಾಧನಗಳು ಬಂದಿರುವುದರಿಂದ ಇದರ ರಕ್ಷಣೆ ಮೊದಲಿನಷ್ಟಿಲ್ಲ, ಆದರೂ ಬಿಡಬಾರದು. ಸಹಿಯನ್ನು ಮೂಲೆಯಲ್ಲಿ ಹಾಕಿದರೆ ಕತ್ತರಿಸುವುದು ಸುಲಭ, ಚಿತ್ರದೊಳಗೇ ಸೇರಿಸಿ. ಫೈಲಿನೊಳಗೆ ಹೆಸರು ಬರೆದಿಟ್ಟಿದ್ದೇನೆ ಎಂದು ನಂಬಿ ಕೂರಬೇಡಿ. ಎಷ್ಟೋ ಜಾಲತಾಣಗಳು ಏರಿಸುವಾಗಲೇ ಆ ಮಾಹಿತಿಯನ್ನು ತೆಗೆದುಹಾಕುತ್ತವೆ.

ನೋಂದಣಿ ಕಡ್ಡಾಯವಲ್ಲ, ಆದರೆ ನ್ಯಾಯಾಲಯದಲ್ಲಿ ಅದು ಮೊದಲ ನೋಟದ ಪುರಾವೆಯಾಗುತ್ತದೆ, ಅಂದರೆ ತಪ್ಪೆಂದು ಯಾರಾದರೂ ತೋರಿಸುವವರೆಗೆ ಅದನ್ನು ಒಪ್ಪುತ್ತಾರೆ. ದುಡಿಮೆ ತರುವ ಮುಖ್ಯ ಚಿತ್ರಗಳನ್ನಾದರೂ ಕಾಪಿರೈಟ್ ಕಚೇರಿಯಲ್ಲಿ ನೋಂದಾಯಿಸುವುದು ಒಳ್ಳೆಯದು. ಅರ್ಜಿಯನ್ನು ಆನ್‌ಲೈನಿನಲ್ಲೇ ಹಾಕಬಹುದು.

ಕಳವಾದ ಮೇಲೆ

ಸಿಟ್ಟಿನಲ್ಲಿ ಮೊದಲು ಕಾಮೆಂಟ್ ಹಾಕಬೇಡಿ. ಹಾಕಿದರೆ ಕದ್ದವರು ಅಳಿಸಿ ಓಡುತ್ತಾರೆ, ಪುರಾವೆಯೂ ಹೋಗುತ್ತದೆ. ಮೊದಲು ಪುಟದ ವಿಳಾಸ, ದಿನಾಂಕ, ಮಾರುವವರ ಹೆಸರು, ಬೆಲೆ ಎಲ್ಲ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಗೂಗಲ್ ಲೆನ್ಸ್ ಅಥವಾ ಟಿನ್‌ಐಗೆ ನಿಮ್ಮ ಚಿತ್ರ ಕೊಟ್ಟು ಇನ್ನೂ ಎಲ್ಲೆಲ್ಲಿದೆ ನೋಡಿ. ಆಮೇಲೆ ದೂರು.

ಇನ್‌ಸ್ಟಾಗ್ರಾಂ, ಅಮೆಜಾನ್‌ನಂಥ ದೊಡ್ಡ ಜಾಲತಾಣಗಳಲ್ಲಿ ಕಾಪಿರೈಟ್ ದೂರಿನ ಅರ್ಜಿ ಇರುತ್ತದೆ. ಇದರ ಮೂಲ ಅಮೆರಿಕದ 1998ರ ಡಿಎಂಸಿಎ ಕಾನೂನು. ದೂರು ಸರಿಯಾಗಿದ್ದರೆ ಜಾಲತಾಣ ಚಿತ್ರ ತೆಗೆಯುತ್ತದೆ. ಎದುರಿನವರು "ಇದು ನನ್ನದೇ" ಎಂದು ಮರುದೂರು ಕೊಟ್ಟು, ನೀವು 10ರಿಂದ 14 ಕೆಲಸದ ದಿನಗಳಲ್ಲಿ ಮೊಕದ್ದಮೆ ಹೂಡದಿದ್ದರೆ ಚಿತ್ರ ಮತ್ತೆ ಬರಬಹುದು. ಭಾರತದಲ್ಲಿ 2013ರ ಕಾಪಿರೈಟ್ ನಿಯಮಗಳ 75ನೇ ನಿಯಮ ಇದೆ. ಲಿಖಿತ ದೂರು ಸರಿ ಎನಿಸಿದರೆ ಜಾಲತಾಣ 36 ಗಂಟೆಯೊಳಗೆ ಅದನ್ನು ತಡೆಹಿಡಿಯಬೇಕು. ಆದರೆ 21 ದಿನದೊಳಗೆ ನೀವು ನ್ಯಾಯಾಲಯದ ಆದೇಶ ತರಬೇಕು, ಇಲ್ಲದಿದ್ದರೆ ಅವರು ಮತ್ತೆ ಹಾಕಬಹುದು. ತಿಂಗಳಿಗೆ ನಾಲ್ಕಾರು ಸಾವಿರ ದುಡಿಯುವ ಕಲಾವಿದರಿಗೆ ಇದು ಭಾರದ ಷರತ್ತು.

ನ್ಯಾಯಾಲಯಕ್ಕೆ ಹೋಗಲೇಬೇಕಾದರೆ ಒಂದು ಅನುಕೂಲವಿದೆ. ಕದ್ದವರು ದೆಹಲಿಯಲ್ಲಿದ್ದರೂ ಧಾರವಾಡದ ಕಲಾವಿದೆ ಧಾರವಾಡದ ಜಿಲ್ಲಾ ನ್ಯಾಯಾಲಯದಲ್ಲೇ ದಾವೆ ಹೂಡಬಹುದು. ಕಾಯ್ದೆಯ 62ನೇ ಕಲಂ ಅದಕ್ಕೆ ಅವಕಾಶ ಕೊಡುತ್ತದೆ. ಮಾರಾಟ ನಿಲ್ಲಿಸಲು ತಡೆಯಾಜ್ಞೆ ಕೇಳಬಹುದು, ನಷ್ಟ ತುಂಬಿಕೊಡಿ ಎನ್ನಬಹುದು. ಗೊತ್ತಿದ್ದೂ ಕದ್ದದ್ದಾದರೆ ಪೊಲೀಸ್ ದೂರೂ ಸಾಧ್ಯ. 63ನೇ ಕಲಂ ಪ್ರಕಾರ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ವಾರಂಟ್ ಇಲ್ಲದೆಯೂ ಪೊಲೀಸರು ಕ್ರಮ ಕೈಗೊಳ್ಳಬಹುದಾದ ಅಪರಾಧ ಇದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಠಾಣೆಯಲ್ಲಿ "ಇದು ನಮ್ಮ ಕೆಲಸ ಅಲ್ಲ" ಎಂದರೆ ಈ ತೀರ್ಪನ್ನು ತೋರಿಸಿ.

ಕೊಳ್ಳುವವರು ಕೇಳಬೇಕಾದದ್ದು

ಆನ್‌ಲೈನಿನಲ್ಲಿ ಮೂಲ ಚಿತ್ರ ಕೊಳ್ಳುವಾಗ ಕ್ಯಾನ್ವಾಸಿನ ಹಿಂಬದಿಯ ಫೋಟೊ ಕೇಳಿ. ಯಾರಿಂದ ಯಾರಿಗೆ ಬಂತು ಎಂಬ ರಸೀದಿ ಕೇಳಿ. ಕಲಾವಿದರು ಬದುಕಿದ್ದರೆ ಅವರಿಗೇ ಒಂದು ಸಂದೇಶ ಕಳಿಸಿ, ಇದು ನಿಮ್ಮದೇನಾ ಅಂತ ಕೇಳುವುದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಟಿ-ಶರ್ಟ್, ಮಗ್, ಸ್ಟಿಕರ್ ಕೊಳ್ಳುವಾಗಲೂ ಅಷ್ಟೇ. ಕಲಾವಿದರ ಹೆಸರು ಎಲ್ಲೂ ಇಲ್ಲ, ಒಂದೇ ಅಂಗಡಿಯಲ್ಲಿ ನೂರು ಬಗೆಯ ಶೈಲಿ ಇದೆ ಎಂದರೆ ಆ ಚಿತ್ರವನ್ನು ಗೂಗಲ್ ಲೆನ್ಸಿನಲ್ಲಿ ಹುಡುಕಿ, ಬರೆದವರ ಪುಟ ಸಿಕ್ಕರೆ ಅಲ್ಲಿಂದಲೇ ಕೊಳ್ಳಿ. ದುಡ್ಡು ಕಟ್ಟಿ ಮೋಸ ಹೋದದ್ದು ಗೊತ್ತಾದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ. ಬೇಗ ಮಾಡಿದಷ್ಟೂ ಹಣ ಕಳ್ಳರ ಖಾತೆ ದಾಟುವ ಮುಂಚೆ ತಡೆಯುವ ಸಾಧ್ಯತೆ ಜಾಸ್ತಿ.